ಒಂದು ಗೇಣು ಆಳವಾದ ಕುಣಿ

ಮನೆ ಕಟ್ಟಿಸುವಾಗ ನನ್ನ ಬಾಯಿಗೆ ಬೀಳದ ಕೆಲಸಗಾರ ಒಬ್ಬನೂ ಉಳಿಯಲಿಲ್ಲ. ಗೌಂಡಿಗೆ ಬೈದೆ, ಬಡಿಗನಿಗೆ ಬೈದೆ, ಮಣ್ಣು ತೋಡುವವನಿಗೆ ಬೈದೆ, ಕಲ್ಲು ತಂದ ಚಕ್ಕಡಿಯ ಎತ್ತುಗಳನ್ನೂ ಬಿಡಲಿಲ್ಲ. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂದು ನನ್ನವ್ವ ಹೇಳುತ್ತಿದ್ದಳು. ಬದುಕಿದ್ದೇನೆ, ಖರೆ. ಆದರೆ ಯಾರಿಗಾಗಿ ಆ ಮನೆ ಎದ್ದಿತೋ ಅವರಿಗೆ ನನ್ನ ಬಾಯಿಂದ ಏನೂ ಉಪಯೋಗವಾಗಲಿಲ್ಲ.

ನಮ್ಮದು ನೇಕಾರರ ಮನೆತನ. ನನ್ನ ತವರು ರಬಕವಿ, ಕೊಟ್ಟ ಮನೆ ಬನಹಟ್ಟಿ. ಎರಡೂ ಊರಿನ ನಡುವೆ ಒಂದು ಎಲೆಯಡಿಕೆ ಅಗಿದು ಉಗುಳುವಷ್ಟು ಹಾದಿ. ಆದರೂ ನನ್ನ ಮದುವೆಯ ಕಾಲಕ್ಕೆ ಅದು ಸಾಂಗಲಿ ಸಂಸ್ಥಾನ, ಇದು ಜಮಖಂಡಿ ಸಂಸ್ಥಾನ. ಬೇರೆ ರಾಜ್ಯದಿಂದ ಸೊಸೆ ತಂದೆ ಎಂದು ಅತ್ತೆ ಓಣಿಯ ತುಂಬ ಬೀಗಿಕೊಂಡು ತಿರುಗಿದ್ದಳಂತೆ. ಆಮೇಲೆ ಸಂಸ್ಥಾನಗಳು ಹೋದವು, ಎಲ್ಲವೂ ಮುಂಬಯಿ ಸರಕಾರವಾಯಿತು, ಅತ್ತೆಯೂ ಹೋದಳು. ಮಕ್ಕಳಾಗಲಿಲ್ಲ. ನಾನು, ನನ್ನ ಗಂಡ, ಇಬ್ಬರೇ ಉಳಿದೆವು.

ಅವರು ಸಾವಕಾರರೊಬ್ಬರ ಕಾರಖಾನೆಯಲ್ಲಿ ನೇಯುತ್ತಿದ್ದರು. ಕಾರಖಾನೆ ಎಂದರೆ ಉದ್ದಕ್ಕೊಂದು ಪಡಸಾಲೆ, ಅದರ ನೆಲದಲ್ಲಿ ಸಾಲಾಗಿ ಕುಣಿ. ನಮ್ಮ ಕಡೆಯ ಮಗ್ಗ ಕುಣಿ ಮಗ್ಗ. ನೇಕಾರ ನೆಲದ ಮೇಲೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾನೆ. ಕುಣಿಯ ತಳದಲ್ಲಿ ಎರಡು ತುಳಿಹಲಗೆ ಇರುತ್ತವೆ. ಒಂದನ್ನು ತುಳಿದರೆ ಅರ್ಧದಷ್ಟು ಎಳೆಗಳು ಮೇಲೇಳುತ್ತವೆ, ಇನ್ನೊಂದನ್ನು ತುಳಿದರೆ ಉಳಿದರ್ಧ. ನಡುವೆ ಲಾಳಿ ಓಡುತ್ತದೆ. ಇಪ್ಪತ್ತು ವರ್ಷದ ಮೇಲೆ ಅವರು ಅಲ್ಲಿ, ಗೋಡೆಯ ಕಡೆಯ ಕುಣಿಯಲ್ಲಿ ಕೂತು ಊರವರ ಹೆಂಡಿರಿಗೆಲ್ಲ ಸೀರೆ ನೇಯ್ದರು. ಆ ಮೂಲೆ ಮಳೆಗಾಲದಲ್ಲಿ ತೇವ, ಚಳಿಗಾಲದಲ್ಲಿ ಥಂಡಿ. ಕೆಮ್ಮು ಹತ್ತಿತು. ಮೊದಲು ಎಲ್ಲರೂ ಶುಂಠಿ ತಿನ್ನು, ಜೇನು ನೆಕ್ಕು ಎಂದರು. ಕೆಮ್ಮಿನ ಜೊತೆ ರಕ್ತ ಬಿದ್ದ ದಿನದಿಂದ ಯಾರೂ ಏನೂ ಹೇಳಲಿಲ್ಲ. ಪಕ್ಕದ ಕುಣಿಯವನು ತನ್ನ ನೀರಿನ ತಂಬಿಗೆಯನ್ನು ಆ ಬದಿಯಿಂದ ಈ ಬದಿಗೆ ಇಟ್ಟುಕೊಂಡ. ಅವರು ಕೆಮ್ಮಿದರೆ ಸಾಲಿನ ಮಗ್ಗಗಳೆಲ್ಲ ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿದ್ದವಂತೆ. ಕೊನೆಗೆ ಸಾವಕಾರರೇ ಬಹಳ ಮೆತ್ತಗೆ, ಮನೆಯಲ್ಲಿ ಆರಾಮ ಮಾಡು ಎಂದು ಹೇಳಿ ಕಳಿಸಿದರು.

ಅವರು ಜಗಳಗಂಟರಲ್ಲ. ಹುಟ್ಟಿದಾಗ ದೇವರು ಇಬ್ಬರ ಪಾಲಿನ ಬಾಯಿಯನ್ನೂ ನನಗೇ ಕೊಟ್ಟುಬಿಟ್ಟಿದ್ದ. ಆ ಸಂಜೆ ಬಂದು ಕೂತವರು ತಮಗೆ ಏನು ಬೇಕೆಂದು ಮೊದಲ ಸಲ ಬಾಯಿಬಿಟ್ಟು ಹೇಳಿದರು.

“ನಂದ ಒಂದು ಮಗ್ಗ ಆಗಬೇಕ ನೋಡ. ಕೆಮ್ಮಿದ್ರ ಯಾರೂ ತಿರುಗಿ ನೋಡಬಾರದು. ಅಲ್ಲಿ ಕುಂತು ಒಂದ ಸೀರಿ ನೇದ್ರ ಸಾಕು.”

ಒಂದು ಸೀರೆ. ಅಷ್ಟೇ ಅವರು ಕೇಳಿದ್ದು. ಅದಕ್ಕಾಗಿಯೇ ನಾನು ಮೈಮೇಲಿನ ಬಂಗಾರ ಇಳಿಸಿದೆ. ಅದರ ಲೆಕ್ಕ ಇಲ್ಲಿ ಬೇಡ, ಬಂಗಾರ ಕಟ್ಟಿಕೊಂಡು ಯಾರೂ ಮೇಲೆ ಹೋಗಿಲ್ಲ. ಊರ ಹೊರಗೆ, ಚಿಮ್ಮಡದ ಹಾದಿಗೆ, ಗರಸು ಮಣ್ಣಿನ ಒಂದು ತುಂಡು ಜಾಗ ಸಿಕ್ಕಿತು. ಎರಿಯ ಕಪ್ಪು ಮಣ್ಣಾದರೆ ಕುಣಿಯಲ್ಲಿ ನೀರು ಒಸರುತ್ತದೆ, ಸಣ್ಣ ಕಲ್ಲಿನ ಗರಸು ಒಣಗಿರುತ್ತದೆ. ಮುಂದೆ ಮಗ್ಗದ ಕೋಣೆ, ಹಿಂದೆ ಅಡಿಗೆಮನೆ, ಮೇಲೆ ಛಾವಣಿಗೆ ಮಣ್ಣಿನ ಮಾಳಿಗೆ. ನಮಗೆ ಬೇಕಾದ ಅರಮನೆ ಅಷ್ಟೇ.

ತೇರದಾಳದ ಗೌಂಡಿಯೊಬ್ಬ ಇಡೀ ಮನೆಯ ಗುತ್ತಿಗೆ ಹಿಡಿದ. ದೊಡ್ಡ ಮೀಸೆಯ, ಸಣ್ಣ ದನಿಯ ಮನುಷ್ಯ. ಗೋಡೆ ಅವನದು. ಕಟ್ಟಿಗೆಯ ಕೆಲಸವನ್ನೂ ಮಗ್ಗ ನಿಲ್ಲಿಸುವುದನ್ನೂ ಗಲಗಲಿಯ ಬಡಿಗನಿಗೆ ಒಳಗುತ್ತಿಗೆ ಕೊಟ್ಟ. ಬುನಾದಿ ತೋಡುವುದು, ಮಾಳಿಗೆಗೆ ಮಣ್ಣು ಹೊರುವುದು, ಮಗ್ಗದ ಕುಣಿ ತೆಗೆಯುವುದು ಚಿಮ್ಮಡದ ಒಬ್ಬನಿಗೆ. ಇವನು ಬೀರದೇವರ ಒಕ್ಕಲು, ಹೆಗಲ ಮೇಲಿನ ಕಂಬಳಿ ಬೇಸಿಗೆಯಲ್ಲೂ ಇಳಿಯುತ್ತಿರಲಿಲ್ಲ, ಮಾತಿಗೊಮ್ಮೆ ಬೀರಪ್ಪನ ಆಣೆ ಇಡುತ್ತಿದ್ದ. ಅಲ್ಲಿಗೆ ನಮ್ಮದು ಒಂದು ಮನೆ, ಮೂವರು ಯಜಮಾನರು. ಎಲ್ಲಾರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎನ್ನುವ ಹಾಗೆ ಆಯಿತು. ಗೋಡೆ ಎದ್ದರೆ ತೊಲೆ ಇಡುತ್ತೇನೆ ಎಂದು ಬಡಿಗ ಗಲಗಲಿಯಲ್ಲಿ ಕೂತ. ತೊಲೆಯ ಅಳತೆ ಗೊತ್ತಾದರೆ ಗೋಡೆ ಎಬ್ಬಿಸುತ್ತೇನೆ ಎಂದು ಗೌಂಡಿ ತೇರದಾಳದಲ್ಲಿ ಕೂತ. ಇಬ್ಬರಿಗೂ ಹೇಳಿ ಕಳಿಸಿ, ಜಮಖಂಡಿಯ ಗುರುವಾರದ ಸಂತೆಯಲ್ಲಿ ಇಬ್ಬರನ್ನೂ ಹಿಡಿದು, ಬಳೆಗಾರನ ಅಂಗಡಿಯ ಮುಂದೆ ನಿಲ್ಲಿಸಿ ನಾನು ಮಾತಾಡಿದ್ದನ್ನು ಬಳೆಗಾರ ಬಹಳ ವರ್ಷ ನೆನೆದು ನಗುತ್ತಿದ್ದ.

ಗೋಡೆ ಎದ್ದ ಮೇಲೆ ಬೆಳಕಿಂಡಿಯ ಜಗಳ. ಮಾಳಿಗೆ ಮನೆಗೆ ಬೆಳಕು ಬರುವುದು ಮೇಲಿನ ಆ ತೂತಿನಿಂದಲೇ. ಅದು ನೇಕಾರನ ಎಡಗೈಗೆ ಸರಿಯಾಗಿ ಬೀಳಬೇಕು. ಗೌಂಡಿ ಗುರುತು ಹಾಕಿದಲ್ಲೇ ಬಡಿಗನ ತೊಲೆ ಬಂತು. ಕಿಂಡಿ ಸರಿಸು ಎಂದು ಅವನು, ತೊಲೆ ಸರಿಸು ಎಂದು ಇವನು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ ಮನೆ ತಲೆಯಿಲ್ಲದೆ ನಿಂತಿತು. ನಾನು ಸೊಂಟಕ್ಕೆ ಸೆರಗು ಬಿಗಿದು ಹೊರಟೆ. ಅಷ್ಟರಲ್ಲಿ ಅವರು, ಬೇವಿನ ನೆರಳಲ್ಲಿ ಕಂಬಳಿ ಹೊದ್ದು ಕೂತಿದ್ದವರು, ಎದ್ದು ಬಂದು ಬರಿ ನೆಲದ ಮೇಲೆ ಮಗ್ಗದ ಮುಂದೆ ಕೂತ ಹಾಗೆ ಕೂತರು. ಇಲ್ಲದ ಲಾಳಿಯನ್ನು ಎಡಗೈಯಿಂದ ಬಲಗೈಗೆ ಓಡಿಸಿ ತೋರಿಸಿದರು. ಬಿಸಿಲು ಅವರ ಕೈಯ ಮೇಲೆ ಬಿದ್ದಿತ್ತು. ಬಡಿಗ ನೋಡುತ್ತ ನಿಂತ, ಆಮೇಲೆ ತೊಲೆ ಸರಿಸಿದ.

ಮಾಳಿಗೆ ಮುಚ್ಚಿದ ಮೇಲೆ ಕುಣಿ. ನಮ್ಮಲ್ಲಿ ಕುಣಿಯ ಆಳವನ್ನು ಮೊಳ ಹಾಕಿ ಹೇಳುವುದಿಲ್ಲ. ಯಾರು ಕೂರುತ್ತಾರೋ ಅವರ ಕಾಲಿಂದಲೇ ಅಳತೆ. ನೇಕಾರನನ್ನು ಕಲ್ಲಿನ ಮೇಲೆ ಕೂರಿಸಿ, ಮೊಣಕಾಲ ಹಿಂದಿನಿಂದ ಹಿಮ್ಮಡಿಯವರೆಗೆ ಅವನ ಮಗ್ಗದ್ದೇ ಒಂದು ಎಳೆ ಹಿಡಿದು ಗಂಟು ಹಾಕುತ್ತಾರೆ. ಆ ನೂಲು ಎಷ್ಟೋ ಕುಣಿ ಅಷ್ಟು. ಒಬ್ಬರ ಕುಣಿಯಲ್ಲಿ ಇನ್ನೊಬ್ಬರು ಕೂತರೆ ಸೊಂಟ ಹಿಡಿಯುತ್ತದೆ. ಚಿಮ್ಮಡದವನು ನೂಲು ಹಿಡಿದಾಗ ಅವನ ಒರಟು ಬೆರಳು ತಾಗಿ ಅವರಿಗೆ ಕಚಗುಳಿಯಾಯಿತು, ನಕ್ಕರು. ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮುತ್ತಲೂ ನಗುತ್ತಿದ್ದರು. ನಾನು ಸುತ್ತ ನೋಡಿದೆ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಕುಣಿ ತೋಡಿ ಆಯಿತು, ಗೋಡೆ ಕೆತ್ತಿದ ಹಾಗೆ ನೆಟ್ಟಗೆ, ಒಳಗೆ ತೇವ ಒಂದು ಚೂರೂ ಇಲ್ಲ.

ಅದೇ ವಾರ ರಕ್ತ ಜಾಸ್ತಿ ಬಿತ್ತು. ಮಿರಜಿಗೆ ಒಯ್ದೆವು. ದವಾಖಾನೆಯ ಹಾಸಿಗೆಯ ಕೆಳಗೆ ಚಾಪೆ ಹಾಕಿಕೊಂಡು ನಾನು ಬೇಸಿಗೆಯ ಉಳಿದ ದಿನಗಳನ್ನೆಲ್ಲ ಅಲ್ಲೇ ಕಳೆದೆ. ಅವರು ಸೂಜಿ ಚುಚ್ಚಿಸಿಕೊಳ್ಳುವಾಗಲೂ ಮಗ್ಗದ ಮಾತೇ ಆಡುತ್ತಿದ್ದರು. ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆ, ಆ ಹಾಸು ಯಾವ ಬಣ್ಣದ್ದು ಎಂದು ಕೇಳಿದೆ. ಗಿಳಿಹಸಿರು ಎಂದರು. ಯಾರಿಗೆ ಎಂದೆ. ನನ್ನ ಮುಖ ನೋಡಿ, ಮದುವೆಯಾಗಿ ಇಷ್ಟು ವರ್ಷಕ್ಕೆ ಇದನ್ನೂ ಕೇಳಬೇಕೇನು ಎನ್ನುವ ಹಾಗೆ ಹುಬ್ಬು ಏರಿಸಿದರು. ನಾನು ಎದ್ದು ನೀರು ತರುವ ನೆವ ಮಾಡಿದೆ.

ಮುಂಗಾರು ಹಿಡಿಯುವಾಗ ವಾಪಸು ಬಂದೆವು. ಬಾಗಿಲು ತೆರೆದರೆ ಮಗ್ಗದ ಕೋಣೆಯ ನೆಲದ ತುಂಬ ಹಾಸಿದ ಪರಸಿ ಕಲ್ಲು. ನಾವು ಮಾತಾಡಿದ್ದು ಸೆಗಣಿ ಸಾರಿಸಿದ ಮಣ್ಣಿನ ನೆಲ. ಗೌಂಡಿ ಮುಧೋಳದ ಕಡೆ ಎಲ್ಲೋ ಶ್ರೀಮಂತರ ವಾಡೆಯ ಕೆಲಸ ಮಾಡಿ ಉಳಿದ ಕಲ್ಲನ್ನು ಕೇಳಿ ಪಡೆದು, ತನ್ನ ಕೈಯಿಂದಲೇ ಚಕ್ಕಡಿಯ ಬಾಡಿಗೆ ಹಾಕಿ ತಂದಿದ್ದ. ಎದೆ ಬ್ಯಾನಿ ಇದ್ದವರು ಹಸಿ ನೆಲದ ಮೇಲೆ ಕೂರಬಾರದು ಎಂದು, ಕೆಳಗೆ ದಪ್ಪಗೆ ಗರಸು ಹಾಸಿ, ಬಡಿದು, ಅದರ ಮೇಲೆ ಕಲ್ಲು ಜೋಡಿಸಿದ್ದ. ಯಾರೂ ಹೇಳದೆ, ಯಾರೂ ಕೊಡದೆ. ಮೊದಲ ಸಲ ನಾನು ಅವನಿಗೆ ಬೈಯಲಿಲ್ಲ. ಹೋಳಿಗೆ ಮಾಡಿ ಉಣಿಸಿದೆ. ಬಡಿಗನೂ ಮಗ್ಗ ನಿಲ್ಲಿಸಿ, ತುಳಿಹಲಗೆ ಕೂರಿಸಿ ಊರಿಗೆ ಹೋಗಿದ್ದ.

ಸೋಮವಾರ ಮಗ್ಗಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದೆವು. ಗಿಳಿಹಸಿರು ಹಾಸು ಬಿಗಿದಿತ್ತು. ಬೆಳಕಿಂಡಿಯ ಬಿಸಿಲು ನೇರ ಎಡಗೈಯ ಜಾಗಕ್ಕೆ ಬಿದ್ದಿತ್ತು. ಗೌಂಡಿ, ಚಿಮ್ಮಡದವನು ಇಬ್ಬರೂ ಬಂದಿದ್ದರು. ನನ್ನವರು ಮಗ್ಗದ ಮುಂದೆ ಕೂತರು, ಕಾಲು ಇಳಿಬಿಟ್ಟರು. ಒಂದು ಗಳಿಗೆ ಹಾಗೆಯೇ ಕೂತರು. ನಾನು, ಶರಣರನ್ನು ನೆನೆಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಸ್ವಲ್ಪ ಮುಂದೆ ಸರಿದರು, ಮತ್ತೆ ಸರಿದರು, ಕುಣಿಯ ಅಂಚಿಗೆ ಬಂದರು. ಹಿಮ್ಮಡಿ ಗಾಳಿಯಲ್ಲಿ ಆಡುತ್ತಿತ್ತು. ಕಾಲು ಹಲಗೆಗೆ ಹತ್ತಲಿಲ್ಲ. ಒಂದು ಗೇಣು ಕಡಿಮೆ.

ಚಿಮ್ಮಡದವನು ಸೊಂಟದಿಂದ ಗಂಟಿನ ನೂಲು ತೆಗೆದು ಬೀರಪ್ಪನ ಆಣೆ ಇಟ್ಟ. ಅವನ ಅಳತೆ ಸರಿ. ಅವನು ತೋಡಿದ್ದು ಬರಿ ನೆಲದಿಂದ. ಗೌಂಡಿಯ ನೆಲವೂ ಸರಿ. ಅವನು ಹಾಸಿದ್ದು ಕುಣಿ ತೋಡಿದ ಮೇಲೆ. ಗರಸು ಸೇರಿ ಕಲ್ಲು ಸೇರಿ ನೆಲ ಒಂದು ಗೇಣು ಮೇಲೆ ಬಂದಿತ್ತು, ಅಷ್ಟೇ ಕುಣಿ ಕೆಳಗೆ ಹೋಗಿತ್ತು. ಇಬ್ಬರೂ ಒಬ್ಬರ ಮೇಲೊಬ್ಬರು ಎಗರಾಡಿದರು. ನಾನು ಇಬ್ಬರ ಮೇಲೂ ಎಗರಾಡಿದೆ. ಒಂದು ಮಗ್ಗ ಕಟ್ಟಲಿಕ್ಕೆ ಮೂರು ಊರಿನ ಮಂದಿ ಬೇಕೆಂದು ಯಾವ ಪುಣ್ಯಾತ್ಮ ಹೇಳಿದನೋ ಎಂದೆ. ಚಿಮ್ಮಡದವನು ಬುಟ್ಟಿ ಎತ್ತಿಕೊಂಡು, ಇದಕ್ಕೇನು ಮಹಾ, ಕೆಳಗೆ ಒಂದೆರಡು ಬುಟ್ಟಿ ಮಣ್ಣು ಹಾಕಿ ಬಡಿದರೆ ಆಯಿತು, ಹಲಗೆ ತಾನೇ ಮೇಲೆ ಬರುತ್ತದೆ ಎಂದು ಹೊರಟ. ಅವರು ಕೈ ಅಡ್ಡ ಹಿಡಿದರು.

“ನಾ ಇನ್ನೂ ಉಸರಾಡಾಕತ್ತೇನಿ. ನನ್ನ ಕಣ್ಣ ಮುಂದ ನನ್ನ ಕುಣಿಗಿ ಮಣ್ಣ ಹಾಕಬ್ಯಾಡ್ರಪಾ.”

ಚಿಮ್ಮಡದವನು ಬುಟ್ಟಿ ಕೆಳಗಿಟ್ಟ. ಮಗ್ಗದ ಕುಣಿಗೆ ಮಣ್ಣು ಹಾಕುವುದು ಯಾವಾಗ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನೇಯುವವನು ಸತ್ತು, ಹಿಂದೆ ಕೂರುವವರು ಇಲ್ಲದಾಗ ಕುಣಿ ಮುಚ್ಚುತ್ತಾರೆ. ಮೇಲಾಗಿ ನಮ್ಮವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕುಣಿ ತೋಡಿ ಕೂರಿಸಿ ಮಣ್ಣು ಹಾಕುತ್ತೇವೆ. ಮಗ್ಗದಲ್ಲಿ ಕೂತ ಹಾಗೆಯೇ. ಮಕ್ಕಳಿಲ್ಲದ, ರೋಗ ಹತ್ತಿದ ಮನುಷ್ಯ ಆ ಕುಣಿಯ ಅಂಚಿನಲ್ಲಿ ಕೂತು ಅದನ್ನು ಹೇಳಿದರೆ ಎದುರು ಆಡುವವರು ಯಾರು. ಕಲ್ಲು ಇಟ್ಟರೂ ಅದೇ, ಇಟ್ಟಿಗೆ ಇಟ್ಟರೂ ಅದೇ.

ಹಲಗೆಯ ಕೆಳಗೆ ಕಟ್ಟಿಗೆಯ ಪೀಠ ಮಾಡಿ ಕೂರಿಸಬಹುದು ಎಂದು ಗೌಂಡಿ ಹೇಳಿದ. ಕಟ್ಟಿಗೆಗೆ ಅವರು ಒಪ್ಪಿದರು. ಆದರೆ ಒಬ್ಬ ನಿಲ್ಲಿಸಿದ ಮಗ್ಗಕ್ಕೆ ಇನ್ನೊಬ್ಬ ಬಡಿಗ ಕೈ ಹಚ್ಚುವುದಿಲ್ಲ. ಬನಹಟ್ಟಿಯ ಇಬ್ಬರ ಮನೆ ಬಾಗಿಲಿಗೆ ಹೋದೆ, ಮಜ್ಜಿಗೆ ಕೊಟ್ಟು ಕಳಿಸಿದರು. ಗಲಗಲಿಗೇ ಹೇಳಿ ಕಳಿಸಬೇಕಾಯಿತು. ಪೀಠ ಮಾಡಿಕೊಂಡು ನಾಲ್ಕು ದಿನದಲ್ಲಿ ಬರುತ್ತೇನೆ ಎಂದು ಬಡಿಗ ತಿರುಗಿ ಹೇಳಿ ಕಳಿಸಿದ. ಅಷ್ಟರಲ್ಲಿ ಗಲಗಲಿಯ ಮಗ್ಗುಲಿನ ಕೃಷ್ಣೆ ತುಂಬಿ ಹೊಳೆ ಬಂತು.

ಕಾಯುವ ತಾಳ್ಮೆ ನನಗಿಲ್ಲ. ಒಲೆಯ ಕಟ್ಟಿಗೆಯಲ್ಲೇ ಎರಡು ಕೊರಡು ಆರಿಸಿ, ಹಳೆಯ ಅರಿವೆ ಸುತ್ತಿ, ತುಳಿಹಲಗೆಗಳ ಮೇಲೆ ಬಿಗಿದೆ. ಕಾಲು ಹತ್ತಿತು. ಅವರು ನೇಯ್ದರು. ಆ ಸದ್ದು ಕೇಳಿ ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ನಾಲ್ಕು ಬೆರಳಿನಷ್ಟು ನೇಯ್ಗೆ ಆಗಿತ್ತು, ಅಂಚು ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಅವರ ಮುಖ ನೋಡಿದೆ, ಮದುವಣಿಗನ ಮುಖ. ಇನ್ನೊಂದು ಲಾಳಿ ಎಸೆಯುವಾಗ ಕೊರಡು ಜಾರಿತು. ಕಾಲು ಒಮ್ಮೆಲೇ ಕೆಳಗೆ ಹೋಗಿ ಮೈ ಮುಗ್ಗರಿಸಿ ಎದೆ ಮಗ್ಗದ ಮುಂದಿನ, ಬಟ್ಟೆ ಸುತ್ತುವ ದಿಂಡಿಗೆ ಬಡಿಯಿತು. ಕೆಮ್ಮು ಶುರುವಾದದ್ದು ನಿಲ್ಲಲಿಲ್ಲ. ಸೀರೆಯ ಮೇಲೆ ಬೀಳಬಾರದೆಂದು ಅವರು ಮುಖ ಪಕ್ಕಕ್ಕೆ ತಿರುಗಿಸಿದರು. ಪರಸಿ ಕಲ್ಲನ್ನು ನಾನು ಆಮೇಲೆ ತೊಳೆದೆ.

ಮತ್ತೆ ಅವರು ಏಳಲಿಲ್ಲ. ಮಗ್ಗದ ಪಕ್ಕದಲ್ಲೇ ಹಾಸಿಗೆ ಹಾಕಿಸಿಕೊಂಡರು. ಬೆಳಗಾದರೆ ಒಂದೇ ಮಾತು, ಬಡಿಗ ಬಂದನೇನು ಎಂದು. ಬರುತ್ತಾನೆ ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಅವರು ಕೇಳಲಿಲ್ಲ. ನಾನು ಗಂಜಿ ಕಾಯಿಸಿ ತಂದು, ಬಡಿಗ ಇವತ್ತು ಬರುತ್ತಾನಂತೆ ಎಂದು ನಾನೇ ಹೇಳಿದೆ. ಹೇಳಿದ್ದು ಕೇಳಲಿಕ್ಕೆ ಅವರು ಇರಲಿಲ್ಲ.

ಮಣ್ಣು ಮಾಡುವ ಕುಣಿ ತೋಡಲು ಬಂದವನು ಚಿಮ್ಮಡದವನೇ. ಆ ಕುಣಿಯನ್ನೂ ನಮ್ಮಲ್ಲಿ ಸತ್ತವರ ಪಾದದಿಂದಲೇ ಅಳೆಯುತ್ತಾರೆ. ಅವನು ಅವರ ಅಂಗಾಲಿಗೆ ನೂಲು ಹಿಡಿದ. ನನ್ನ ಕಣ್ಣು ಅವರ ಮುಖದ ಮೇಲೇ ಇತ್ತು. ಕಚಗುಳಿಯಾಗಿ ನಕ್ಕುಬಿಟ್ಟರೆ ಎಂದು ನನ್ನ ಹುಚ್ಚು ಮನಸ್ಸು ಕಾಯುತ್ತಿತ್ತು. ಸಂಜೆ ಎಲ್ಲ ಮುಗಿದ ಮೇಲೆ ಅವನು ನನ್ನ ಬಳಿ ಬಂದು, ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡು, “ಅಳತಿ ಬರೋಬರಿ ಆಗಿತ್ರೆವ್ವಾ,” ಅಂದ. ಗುತ್ತಿಗೆ ಮುಗಿಸಿದವನು ಹೇಳುವ ಮಾತು ಅದು. ಅವನಿಗೆ ಬೇರೆ ಮಾತು ಬರುತ್ತಿರಲಿಲ್ಲ.

ಮೂರನೆಯ ದಿನ ಬಡಿಗ ಬಂದ. ಮೊಣಕಾಲ ತನಕ ಕೆಸರು, ಕಂಕುಳಲ್ಲಿ ಪೀಠ. ಹೊಳೆ ಊರ ಕೆಳಗಿನ ಓಣಿಗೆ ನುಗ್ಗಿತ್ತಂತೆ. ದೋಣಿಯ ಹಲಗೆ ಒಡೆದು ಆಚೆ ದಂಡೆಯಲ್ಲಿ ಬಸುರಿಯರು, ಮಕ್ಕಳು ಸಿಕ್ಕಿಹಾಕಿಕೊಂಡಿದ್ದರಂತೆ. ಊರಿನ ಬಡಿಗ ದೋಣಿ ಬಿಟ್ಟು ಎಲ್ಲಿಗೆ ಹೋಗುತ್ತಾನೆ. ಅವನಿಗಾಗಿ ಎಷ್ಟು ಬೈಗುಳ ಕೂಡಿಟ್ಟುಕೊಂಡಿದ್ದೆ, ಒಂದನ್ನೂ ಎತ್ತಲಾಗಲಿಲ್ಲ. ಬಂದವನಿಗೆ ನೀರು ಕೊಟ್ಟೆ. ಇವತ್ತಿಗೂ ಆ ಸಿಟ್ಟು ನನ್ನಲ್ಲಿ ಹಾಗೇ ಇದೆ, ಯಾರ ಮೇಲೆ ಹಾಕಬೇಕೆಂದು ತಿಳಿದಿಲ್ಲ. ಪೀಠ ಕಟ್ಟೆಯ ಮೇಲಿಟ್ಟು ಅವನು ತಲೆ ತಗ್ಗಿಸಿ ಅಲ್ಲೇ ಕೂತ.

ಅವತ್ತೇ ಹಿರಿಯರು ಸೇರಿದ್ದರು. ನನ್ನ ಅಣ್ಣ ರಬಕವಿಯಿಂದ ಬಂದಿದ್ದ. ಮಗ್ಗ ಬಿಚ್ಚಿ ಕೊಡುವುದು, ಕುಣಿ ಮುಚ್ಚುವುದು, ನಾನು ತವರಿಗೆ ಹೋಗುವುದು ಎಂದು ನನ್ನನ್ನು ಕೇಳದೆಯೇ ಮಾತಾಗಿತ್ತು. ಚಿಮ್ಮಡದವನನ್ನು ಕರೆಸಿದರು. ಅವನು ಹಿತ್ತಿಲಿನ ಗುಡ್ಡೆಯಿಂದ, ಆ ಕುಣಿಯಿಂದಲೇ ತೆಗೆದು ಹಾಕಿದ್ದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದ. ನಾನು ಗೋಡೆಗೆ ಒರಗಿ ನಿಂತಿದ್ದೆ. ಒಂದು ಬುಟ್ಟಿ ಸುರಿದ. ಇನ್ನೊಂದು ಸುರಿದ. ಹಾಸಿನ ಮೇಲೆ ಆ ನಾಲ್ಕು ಬೆರಳು ನೇಯ್ಗೆ ಬಿಗಿದು ಹಾಗೇ ಇತ್ತು, ಬೆಳಕಿಂಡಿಯ ಬಿಸಿಲು ಅದರ ಮೇಲೆ ಬಿದ್ದಿತ್ತು.

ತವರಿನಲ್ಲಿ ನಾನೂ ನೇಯುತ್ತಿದ್ದವಳು. ಕೊಟ್ಟ ಮನೆಯಲ್ಲಿ ಲಾಳಿಯ ಕಂಡಕಿಗೆ ನೂಲು ಸುತ್ತಲಷ್ಟೇ ಕೂತಿದ್ದೆ. ಹೋಗಿ ಮಗ್ಗದ ಮುಂದೆ ಕೂತು ಕಾಲು ಇಳಿಬಿಟ್ಟೆ. ಅಣ್ಣ ನನ್ನ ಹೆಸರು ಹಿಡಿದು ಕೂಗಿದ. ಹಿರಿಯರೊಬ್ಬರು, ದುಃಖಕ್ಕೆ ತಲೆ ಕೆಟ್ಟಿದೆ, ಎಬ್ಬಿಸಿರಿ ಎಂದರು. ನಾನು ಯಾರನ್ನೂ ನೋಡಲಿಲ್ಲ.

“ಅಳತಿ ತಗೋ,” ಎಂದೆ ಚಿಮ್ಮಡದವನಿಗೆ. “ಮುಚ್ಚಬ್ಯಾಡ. ನನ್ನ ಕಾಲಿಗೆ ಹತ್ತೂವಷ್ಟು ಹಾಕು.”

ಅವನು ಹಿರಿಯರ ಕಡೆ ನೋಡಿದ, ಕಟ್ಟೆಯ ಮೇಲಿನ ಬಡಿಗನ ಕಡೆ ನೋಡಿದ. ಬಡಿಗ ಎದ್ದು ಬಂದು ಕುಣಿಗೆ ಇಳಿದು ತುಳಿಹಲಗೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಆಗ ಚಿಮ್ಮಡದವನು ಹೊಸದೊಂದು ಎಳೆ ಹರಿದುಕೊಂಡು ನನ್ನ ಕಾಲಿಗೆ ಹಿಡಿದು ಗಂಟು ಹಾಕಿದ. ಮಣ್ಣು ಹಾಕಿದ, ಬಡಿದ, ಮತ್ತೆ ಹಾಕಿದ. ನಾನು ಅವರಿಗಿಂತ ಗಿಡ್ಡ. ಬಡಿಗ ಹಲಗೆ ಕೂರಿಸಿದ. ಅವನು ತಂದ ಪೀಠ ಬೇಕಾಗಲಿಲ್ಲ. ಅದು ಈಗಲೂ ನನ್ನ ಒಲೆಯ ಮುಂದಿದೆ, ಅದರ ಮೇಲೆ ಕೂತೇ ರೊಟ್ಟಿ ಬಡಿಯುತ್ತೇನೆ.

ಹಲಗೆ ತುಳಿದೆ. ಹಸಿರು ಎಳೆಗಳು ಎದ್ದವು. ಅವರು ಬಿಟ್ಟಲ್ಲಿಂದ ಲಾಳಿ ಎಸೆದೆ. ಅವರ ನೇಯ್ಗೆ ಎಲ್ಲಿ ನಿಂತಿತು, ನನ್ನದು ಎಲ್ಲಿಂದ ಶುರುವಾಯಿತು ಎಂಬುದು ಆ ಸೀರೆಯ ಮೇಲೆ ಕುರುಡನ ಬೆರಳಿಗೂ ತಿಳಿಯುತ್ತದೆ. ಅದನ್ನು ನಾನು ಉಟ್ಟಿಲ್ಲ, ಮಾರಲೂ ಇಲ್ಲ. ನನ್ನ ಕಾಲಿಗೆ ನಾಲ್ಕು ಬುಟ್ಟಿ ಮಣ್ಣು ಹಿಡಿಯಿತು. ಅವರಿಗೆ ಅದರ ಅರ್ಧ ಸಾಕಾಗುತ್ತಿತ್ತು.